ಎಲೆಗೆ ಅರ್ಧ ಗಂಟೆ ಕತ್ತಲು

ನಾನು ಅವನನ್ನ ಪ್ರೀತಿ ಮಾಡೋಕೆ ಹೋಗಿದ್ದಲ್ಲ. ಮುಗಿಸೋಕೆ ಹೋಗಿದ್ದೆ.

ಗಾಜಿನ ಮನೆ ಬಾಗಿಲನ್ನ ಕಾಲಲ್ಲಿ ಒದ್ದು ಎಂಟ್ರಿ ಕೊಡ್ಬೇಕು, ಹಿಂದಿಂದ ಗಾಳಿ ಬೀಸ್ಬೇಕು, ಕೂದಲು ಹಾರ್ಬೇಕು, ಅವನ ಕೈಲಿದ್ದ ಕುಂಡ ಸ್ಲೋ ಮೋಷನ್‌ನಲ್ಲಿ ಬಿದ್ದು ಒಡೀಬೇಕು ಅಂತ ಬಸ್ಸಲ್ಲೇ ರಿಹರ್ಸಲ್ ಮುಗಿಸಿದ್ದೆ. ಒದ್ದೆ. ಅದು ಜಾರೋ ಬಾಗಿಲು. ಹೆಬ್ಬೆರಳು ಊದಿಕೊಂಡಿದ್ದೊಂದೇ ಲಾಭ.

"ಪಕ್ಕಕ್ಕೆ ತಳ್ಳಿ," ಅಂತ ಒಳಗಿಂದ ದನಿ ಬಂತು.

ಅವನು ತಲೆ ಎತ್ತಲೇ ಇಲ್ಲ. ಒಂದು ಸಸಿ ಮುಂದೆ ಮಂಡಿ ಊರಿ ಕೂತು, ಅದರ ಎಲೆಗೆ ಬಟ್ಟೆ ಕ್ಲಿಪ್ ಥರದ ಏನನ್ನೋ ಸಿಗಿಸ್ತಿದ್ದ. ಎಷ್ಟು ಮೆಲ್ಲಗೆ ಅಂದ್ರೆ, ಮಗು ಕಿವಿಗೆ ಓಲೆ ಹಾಕೋ ಹಾಗೆ.

"ಹೊಸ ಲೈಟ್ ಟೆಕ್ನಿಷಿಯನ್ನಾ?"

"ಹೌದು. ಎಲ್ಲರೂ ವೋಲ್ಟೇಜ್ ಅಂತಾರೆ."

"ಯಾಕೆ ಹಾಗೆ?"

"ಮುಟ್ಟಿ ನೋಡಿದವರಿಗೆ ಗೊತ್ತು."

ಈಗ ತಲೆ ಎತ್ತಿದ. ದೊಡ್ಡ ಕನ್ನಡಕ, ಅದರ ಹಿಂದೆ ನಿದ್ದೆಗೆಟ್ಟ ಕಣ್ಣು. ನನ್ನ ಮುಖಾನ ಒಂದು ಕ್ಷಣ ಜಾಸ್ತಿಯೇ ನೋಡಿದ. ಆಮೇಲೆ, "ಸರಿ ವೋಲ್ಟೇಜ್ ಅವರೇ. ದೀಪ ನಿಮ್ದು, ಗಿಡ ನಂದು. ಗಿಡ ಮುಟ್ಬೇಡಿ," ಅಂದ.

ವಿಲನ್‌ಗೆ ಇಷ್ಟು ಮರ್ಯಾದೆ ಇರಬಾರ್ದು. ಕೆಲಸ ಕಷ್ಟ ಆಗುತ್ತೆ.

ಇವನು ಮಾಡಿದ್ದೇನು ಅಂತ ಹೇಳಿಬಿಡ್ತೀನಿ. ನಮ್ಮದು ಸಸ್ಯ ಸಂಶೋಧನಾ ಕೇಂದ್ರ. ಇಲ್ಲಿ ನನ್ನ ಸೋದರಮಾವ ಮೂವತ್ತೆರಡು ವರ್ಷದಿಂದ ಹೆಡ್ ಮಾಲಿ. ಮಾವ ದೀಪದ ಬಿಸಿ ಅಳೆಯೋಕೆ ಮೀಟರ್ ಇಟ್ಕೊಂಡೋರಲ್ಲ. ಎಲೆ ಪಕ್ಕ ಮುಂಗೈ ಹಿಡಿದು, "ಇವಳಿಗೆ ಸೆಖೆ ಆಗ್ತಿದೆ," ಅಂತ ದೀಪ ಒಂದು ಗೇಣು ಮೇಲಕ್ಕೆ ಎತ್ತೋರು. ಆರು ತಿಂಗಳ ಹಿಂದೆ ಈ ಎಲೆ ಡಾಕ್ಟ್ರು ಹೊಸದಾಗಿ ಬಂದ. ಬಂದ ತಿಂಗಳಲ್ಲೇ ಅವನ ಎಂಟುನೂರು ಸಸಿ ಎರಡೇ ದಿನದಲ್ಲಿ ಬೆಳ್ಳಗೆ ಸುಟ್ಟುಹೋದ್ವು. ವಿಚಾರಣೆ ಆಯ್ತು. "ಹೆಡ್ ಮಾಲಿಯ ಅಜಾಗರೂಕತೆಯಿಂದ ದೀಪಗಳು ಪೂರ್ತಿ ಏರಿದ್ದವು" ಅಂತ ರಿಪೋರ್ಟ್ ಬಂತು. ಕೆಳಗೆ ಇವನ ಸಹಿ.

ಮಾವನ ಕೈಯಿಂದ ಬೀಗದ ಕೈ ಗೊಂಚಲು ಕಿತ್ಕೊಂಡು, ಕುಂಡ ತೊಳೆಯೋ ಶೆಡ್‌ಗೆ ಹಾಕಿದ್ರು. ರಿಟೈರ್ ಆಗೋಕೆ ಆಗ ಇದ್ದದ್ದು ಒಂದೇ ವರ್ಷ.

ಮಾವ ಮದುವೆ ಆಗಿಲ್ಲ, ನಮ್ಮ ಜೊತೆಗೇ ಇರೋದು. ಅವತ್ತಿಂದ ಊಟಕ್ಕೆ ಕೂತ್ರೆ ತಟ್ಟೆ ನೋಡ್ಕೊಂಡು ಉಂಡು ಎದ್ದುಬಿಡ್ತಾರೆ. ಅಮ್ಮ ಒಂದಿನ ಕೈ ಒರೆಸ್ಕೊಳ್ತಾ, "ನನ್ನ ತಮ್ಮನ ತಲೆ ತಗ್ಗಿಸಿದೋನು ಉದ್ಧಾರ ಆಗಲ್ಲ," ಅಂದ್ರು. ನಾನು ಎದ್ದು ನಿಂತು ಅಂದೆ: "ಉದ್ಧಾರ ಆಗದ ಹಾಗೆ ನಾನು ನೋಡ್ಕೊಳ್ತೀನಮ್ಮ. ಶಾಪ ನಿಂದು, ಸರ್ವಿಸ್ ನಂದು." ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಒಂದು ಇರ್ಲಿಲ್ಲ ಅಷ್ಟೇ. ಮಾರನೇ ವಾರವೇ ಬೀಜದ ಉಗ್ರಾಣದಿಂದ ಗಾಜಿನ ಮನೆಗೆ ವರ್ಗ ಕೇಳ್ಕೊಂಡೆ.

ಮೊದಲು ಸಣ್ಣ ಡೋಸ್ ಕೊಟ್ಟೆ. ಅವನ ಬಿಳಿ ಕೋಟಿನ ಎರಡೂ ತೋಳಿಗೆ ಗಂಟು ಹಾಕಿದೆ. ತಾಳ್ಮೆಯಿಂದ ಬಿಚ್ಚಿ ಹಾಕ್ಕೊಂಡ. ಕುರ್ಚಿಯ ಒಂದು ಕಾಲಿನ ಸ್ಕ್ರೂ ಸಡಿಲ ಮಾಡಿದೆ. ಬಿದ್ದ, ಎದ್ದ, ಮಣ್ಣು ಕೊಡವಿಕೊಂಡ. ಕಾಫಿಗೆ ಮೂರು ಚಮಚ ಉಪ್ಪು ಹಾಕಿ, ಕಂಬದ ಹಿಂದೆ ನಿಂತು ನೋಡಿದೆ. ಒಂದು ಗುಟುಕು ಕುಡಿದ. ನಿಂತ. ಆಮೇಲೆ ಲೋಟ ಪೂರ್ತಿ ಖಾಲಿ ಮಾಡಿ, ಕಂಬದ ಕಡೆ ತಿರುಗಿ, "ಥ್ಯಾಂಕ್ಸ್," ಅಂದ.

ನನಗೆ ಹೊಟ್ಟೆ ಉರೀತು. ಕುಡಿದೋನು ಅವನು, ಉರಿ ನನಗೆ. ಇದ್ಯಾವ ನ್ಯಾಯ?

ಸಣ್ಣದೆಲ್ಲ ಸಾಕು, ಕ್ಲೈಮ್ಯಾಕ್ಸ್‌ಗೇ ಕೈ ಹಾಕೋಣ ಅಂತ ತೀರ್ಮಾನ ಮಾಡಿದೆ. ಮುಂದಿನ ತಿಂಗಳು ಹೊರಗಿನ ಕಮಿಟಿ ಬರೋದಿತ್ತು. ನೆರಳಲ್ಲಿ ಬೆಳೆದ ಕಾಡುಮರದ ಸಸಿಗಳನ್ನ ಬಯಲು ಬಿಸಿಲಿಗೆ ಒಗ್ಗಿಸೋದೇ ಇವನ ಕೆಲಸ. ಕಮಿಟಿ ಎದುರಿಗೆ ಎಲೆಗಳ ಆರೋಗ್ಯ ಅಳೆದು ತೋರಿಸ್ಬೇಕು. ನಂಬರ್ ಚೆನ್ನಾಗಿ ಬಂದ್ರೆ ಇವನು ಹೀರೋ. ಕೆಟ್ಟದಾಗಿ ಬಂದ್ರೆ ಇಂಗು ತಿಂದ ಮಂಗ.

ಕೆಡಿಸೋಕೆ ಮೊದಲು ಕಲೀಬೇಕಲ್ಲ? ಹೋಗಿ ಪಕ್ಕದಲ್ಲಿ ಕೂತೆ.

"ಡಾಕ್ಟ್ರೇ, ಈ ಕ್ಲಿಪ್ ಯಾಕೆ?"

ಅವನ ಮುಖ ಅರಳಿದ್ದು ನೋಡ್ಬೇಕಿತ್ತು. ಯಾರೂ ಕೇಳಿರಲಿಲ್ಲ ಅಂತ ಕಾಣುತ್ತೆ, ಪಾಪ. ಅಲ್ಲ, ಪಾಪ ಅಲ್ಲ.

"ಅಳೆಯೋ ಮುಂಚೆ ಎಲೆಗೆ ಅರ್ಧ ಗಂಟೆ ಕತ್ತಲು ಬೇಕು. ಈ ಕ್ಲಿಪ್‌ನಲ್ಲಿ ಪುಟ್ಟ ಶಟರ್ ಇದೆ, ನೋಡಿ. ಮುಚ್ಚಿದ್ರೆ ಎಲೆಯ ಅಷ್ಟು ಜಾಗಕ್ಕೆ ಕತ್ತಲು. ಸುಸ್ತಾದೋರನ್ನ ಕೂರಿಸಿ, ಉಸಿರು ತಗೊಳ್ಳೋಕೆ ಬಿಟ್ಟು, ಆಮೇಲೆ ನಾಡಿ ನೋಡಿದ ಹಾಗೆ. ಆರಾಮಾಗಿರೋ ಎಲೆ ಪಾಯಿಂಟ್ ಎಂಟು ಮೂರು ತೋರಿಸುತ್ತೆ. ಬೆಳಕಿಂದ ಪೆಟ್ಟು ತಿಂದಿದ್ರೆ ಆರು, ಐದು, ನಾಲ್ಕು."

"ಶಟರ್ ಮುಚ್ಚೋಕೆ ಮರೆತ್ರೆ?"

"ಎಲೆ ಎಷ್ಟೇ ಚೆನ್ನಾಗಿದ್ರೂ ನಂಬರ್ ಬೀಳುತ್ತೆ."

ಸಿಕ್ತು! ಒಳಗೊಳಗೇ ಡ್ರಮ್ ಬಾರಿಸಿದೆ. ಹೊರಗೆ ಮಾತ್ರ ಮಳ್ಳಿ ಥರ, "ಓಹೋ," ಅಂದೆ.

"ಈಗ ಅರ್ಧ ಗಂಟೆ ಏನ್ಮಾಡೋದು?"

"ಕಾಯೋದು."

ಹಾಗೆ ಶುರುವಾಯ್ತು ನಮ್ಮ ಅರ್ಧ ಗಂಟೆಗಳು. ದಿನಕ್ಕೆ ಮೂರು. ಕೈಲಿ ಕೆಲಸ ಇಲ್ಲ, ಎದ್ದು ಹೋಗೋ ಹಾಗಿಲ್ಲ, ಮಧ್ಯೆ ಒಂದು ಮರದ ಪೆಟ್ಟಿಗೆ, ಆ ಕಡೆ ಅವನು, ಈ ಕಡೆ ನಾನು.

"ಬೆಳಕು ಅಂದ್ರೆ ಗಿಡಕ್ಕೆ ಊಟ ತಾನೇ? ಜಾಸ್ತಿ ಸಿಕ್ಕಿದ್ರೆ ಕುಣೀಬೇಕು," ಅಂದೆ ಒಂದಿನ.

"ಅತಿಯಾದರೆ ಅಮೃತವೂ ವಿಷ. ಎಲೆ ಬೆಳಕನ್ನ ಹಿಡಿಯೋದು ಕ್ಷಣದಲ್ಲಿ, ಅದರಿಂದ ಅಡುಗೆ ಮಾಡೋದು ನಿಧಾನಕ್ಕೆ. ಒಲೆ ಮೇಲೆ ಇನ್ನೂ ಬೇಯ್ತಾ ಇದೆ, ಹೊರಗಿಂದ ಮೂಟೆ ಮೂಟೆ ಬಂದು ಬೀಳ್ತಾ ಇದೆ. ಮಿಕ್ಕ ಶಕ್ತಿ ಎಲೆಯೊಳಗಿನ ಆಮ್ಲಜನಕಕ್ಕೇ ಹುಚ್ಚು ಹಿಡಿಸುತ್ತೆ. ಅದು ಒಳಗಿಂದಲೇ ಸುಡೋಕೆ ಶುರು ಮಾಡುತ್ತೆ."

"ಗಿಡಕ್ಕೆ ಕಾಲಿಲ್ಲ. ಓಡಿ ಹೋಗಲ್ಲ. ಸುಮ್ನೆ ಸಾಯುತ್ತಾ?"

"ಸುಮ್ನೆ ಯಾಕೆ ಸಾಯುತ್ತೆ? ಭಾರಿ ಕಿಲಾಡಿ ಅದು. ಎಲೆಯ ಅಂಚನ್ನ ಬಿಸಿಲಿಗೆ ತಿರುಗಿಸಿ ಮೈ ತಪ್ಪಿಸುತ್ತೆ. ಒಳಗಿರೋ ಹಸಿರು ಕಣಗಳು, ಮಧ್ಯಾಹ್ನ ಬಸ್‌ಸ್ಟಾಪ್‌ನಲ್ಲಿ ಜನ ಕಂಬದ ನೆರಳಿಗೆ ಸಾಲಾಗಿ ನಿಲ್ತಾರಲ್ಲ, ಹಾಗೆ ಗೋಡೆ ಬದಿಗೆ ಸರಿದು ಒಂದರ ಹಿಂದೆ ಒಂದು ಅಡಗ್ತವೆ. ಹಳದಿ ಬಣ್ಣದ ಒಂದು ವಸ್ತು ಇದೆ, ನಿಮಿಷಗಳಲ್ಲಿ ರೂಪ ಬದಲಾಯಿಸಿಕೊಂಡು, ಹೆಚ್ಚಾದ ಶಕ್ತೀನ ಬಿಸಿ ಮಾಡಿ ಹೊರಗೆ ಚೆಲ್ಲುತ್ತೆ."

"ಅರ್ಥಿಂಗ್!" ಅಂತ ಕೂಗಿಬಿಟ್ಟೆ.

"ಏನು?"

"ಕರೆಂಟ್ ಜಾಸ್ತಿ ಬಂದ್ರೆ ಭೂಮಿಗೆ ಇಳಿಸಲ್ವಾ, ಹಾಗೆ."

"ಹೌದು! ಅಷ್ಟಾದ್ರೂ ತಡೀದೆ ಹೋದ್ರೆ, ಒಂದು ಪ್ರೋಟೀನ್ ತಾನು ಮುರಿದು ಮಿಕ್ಕಿದ್ದನ್ನ ಉಳಿಸುತ್ತೆ. ಮುರಿದದ್ದನ್ನ ಕಿತ್ತು, ದಿನಾ ಹೊಸದು ಕೂರಿಸ್ತಾನೇ ಇರುತ್ತೆ ಗಿಡ."

"ಅದು ಫ್ಯೂಸ್ ಕಣ್ರೀ."

ಅವನು ಪೆನ್ನು ಬಿಟ್ಟು ನನ್ನನ್ನೇ ನೋಡಿದ. "ನಾನು ಇದಕ್ಕೆ ಎರಡು ಪುಟ ಬರೆದಿದ್ದೆ. ನೀವು ಒಂದು ಪದದಲ್ಲಿ ಮುಗಿಸಿದ್ರಿ."

ನಾನೂ ನೋಡಿದೆ. ಯಾರು ಮೊದಲು ಕಣ್ಣು ಇಳಿಸ್ತಾರೋ ಅವರು ಸೋತ ಹಾಗೆ ಅಂತ ಮನಸ್ಸಲ್ಲೇ ಪಂದ್ಯ ಇಟ್ಕೊಂಡೆ. ಅವನ ಕನ್ನಡಕದಲ್ಲಿ ನನ್ನ ದೀಪಗಳೆಲ್ಲ ಸಾಲಾಗಿ ಉರೀತಿದ್ವು. ಅವನ ಕಿವಿ ತುದಿ ನಿಧಾನಕ್ಕೆ ಕೆಂಪಾಯ್ತು.

"ಎಳೇ ಚಿಗುರು ಕೆಂಪಗಿರೋದೂ ಬಿಸಿಲು ತಡೆಯೋಕೆ ಅಂದಿದ್ರಲ್ಲ. ನಿಮ್ಮ ಕಿವಿಗೂ ಅದೇ ಕಾರಣವಾ?"

ಅವನು ಎದ್ದು ಗಡಿಯಾರ ನೋಡೋಕೆ ಹೋದ. ಗಡಿಯಾರ ಇದ್ದದ್ದು ಅವನ ಕೈಯಲ್ಲೇ.

ಪಂದ್ಯ ಗೆದ್ದೆ. ಆದ್ರೆ ಅವತ್ತು ಮನೆಗೆ ಹೋಗಿ ಮಾವನ ಬಗ್ಗಿದ ತಲೆ ನೋಡಿದಾಗ, ನನ್ನ ಕೆನ್ನೆಗೆ ನಾನೇ ಒಂದು ಬಿಟ್ಕೋಬೇಕು ಅನ್ನಿಸ್ತು. 'ಲೇ ವೋಲ್ಟೇಜು, ಹಾವಿನ ಹಲ್ಲು ಕೀಳೋಕೆ ಹೋದೋಳು, ಹಾವು ಚೆನ್ನಾಗಿ ಆಡುತ್ತೆ ಅಂತ ನೋಡ್ತಾ ಕೂತಿದೀಯಲ್ಲೇ!'

ಮಾರನೇ ದಿನ ಮುಖ ಗಂಟು ಹಾಕ್ಕೊಂಡು ಕೂತೆ. ನೇರವಾಗಿ ಕೇಳಿದೆ: "ನೆರಳಲ್ಲಿ ಬೆಳೆದ ಸಸೀನ ಒಂದೇ ಸಲಕ್ಕೆ ಫುಲ್ ಲೈಟಿಗೆ ಇಟ್ರೆ?"

ಅವನ ಕೈ ನಿಂತಿತು.

"ಅದಕ್ಕೆ ಅರ್ಥಿಂಗೂ ಇನ್ನೂ ಗಟ್ಟಿ ಆಗಿರಲ್ಲ, ರಿಪೇರಿಗೆ ಜನಾನೂ ಸಾಲಲ್ಲ. ಹತ್ತು ದಿನ, ಮೆಟ್ಟಿಲು ಹತ್ತಿಸೋ ಹಾಗೆ ಬೆಳಕು ಏರಿಸ್ಬೇಕು. ಇಲ್ಲದಿದ್ರೆ ಎರಡು ದಿನದಲ್ಲಿ ಬೆಳ್ಳಗಾಗಿ ಹೋಗುತ್ತೆ."

"ಇದು ಗೊತ್ತಿಲ್ಲದೆ ಇರೋರು ಯಾರು?"

"ಗೊತ್ತಿರುತ್ತೆ," ಅಂದ ತುಂಬಾ ಮೆಲ್ಲಗೆ. "ಗೊತ್ತಿದ್ದೂ ಅವಸರ ಮಾಡ್ತಾರೆ."

ಆಗ ನನಗೆ ಅದು ಹೊಳೀಲಿಲ್ಲ. ಹೊಳೆದದ್ದು ಕಮಿಟಿ ಬರೋ ಹಿಂದಿನ ದಿನ.

ಅವತ್ತು ದೀಪದ ಪ್ಯಾನೆಲ್ ಬಿಚ್ಚಿ ಫ್ಯೂಸ್ ಚೆಕ್ ಮಾಡ್ತಿದ್ದೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಬೆಳಕು ಏರಿಸಬೇಕು, ಇಳಿಸಬೇಕು ಅನ್ನೋರು ತಮ್ಮ ಕೈಯಾರೆ ಚೀಟಿ ಬರೆದು ಕೊಡ್ಬೇಕು. ಹೆಡ್ ಮಾಲಿ ಅದನ್ನ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸ್ಬೇಕು. ಬಾಯಿ ಮಾತಿಗೆ ಇಲ್ಲಿ ಬೆಲೆ ಇಲ್ಲ. ಮಾವನ ವಿಚಾರಣೆಯಲ್ಲಿ ಆ ದಿನದ ಚೀಟಿಯೇ ಇರಲಿಲ್ಲ. ಅದಕ್ಕೇ ತಪ್ಪು ಮಾವಂದು ಅಂತಾಗಿದ್ದು.

ಫ್ಯೂಸ್ ಕೂರಿಸೋ ಡಬ್ಬಿ ಹಿಂದೆ, ನಾಲ್ಕು ಮಡಿಕೆ ಮಾಡಿ ತುರುಕಿದ ಕಾಗದ ಕೈಗೆ ಸಿಕ್ತು. ಬಿಡಿಸಿದೆ.

'ಇವತ್ತೇ ಎಲ್ಲ ಟ್ರೇಗೂ ಫುಲ್ ಲೈಟ್ ಕೊಡಿ. ಹತ್ತು ದಿನ ಕಾಯೋಕೆ ಸಮಯ ಇಲ್ಲ.'

ಸೊಟ್ಟ ಅಕ್ಷರ, ಕೆಳಗೆ ಸಹಿ. ದಿನಕ್ಕೆ ಮೂರು ಸಲ ನೋಡೋ ಕೈಬರಹ. ಅವನದ್ದೇ.

ಕಾಲ ಕೆಳಗಿನ ನೆಲ ಸರೀತು ಅಂತಾರಲ್ಲ, ನನಗೆ ಸರೀಲಿಲ್ಲ. ನೆಲ ಕಾದು ಕೆಂಡ ಆಯ್ತು.

ಸಾಯಂಕಾಲ ಚೀಟೀನ ಮಾವನ ತಟ್ಟೆ ಪಕ್ಕ ಇಟ್ಟೆ. ಮಾವ ಎಡಗೈಯಲ್ಲಿ ಎತ್ತಿ ನೋಡಿದ್ರು.

"ಎಲ್ಲಿತ್ತೇ ಇದು? ಒಲೆಗೆ ಹಾಕು."

"ನೀವೇ ಮುಚ್ಚಿಟ್ರಾ? ಅವನನ್ನ ಉಳಿಸೋಕಾ?"

"ಎಳೆ ಹುಡುಗ. ಬಂದು ತಿಂಗಳಾಗಿರಲಿಲ್ಲ. ಮೇಲಿಂದ ದೊಡ್ಡ ಸಾಹೇಬ್ರು ಬೇಗ ಬೇಗ ಅಂತ ಕುತ್ತಿಗೆ ಮೇಲೆ ಕೂತಿದ್ರು. ನನಗೆ ಉಳಿದಿದ್ದು ಒಂದು ವರ್ಷ. ಅವನಿಗೆ ಮೂವತ್ತು. ಸಸಿ ಸುಟ್ಟ ಮಾರನೇ ದಿನ ಅಳ್ತಾ ಬಂದ, ಒಪ್ಕೊಂಡುಬಿಡ್ತೀನಿ ಅಂದ. ನಾನೇ ಬೈದು ಕಳಿಸ್ದೆ. ಬಾಯಿ ಮುಚ್ಕೊಂಡು ಕೆಲಸ ಕಲಿ ಅಂತ." ಮಾವ ಅನ್ನ ಕಲಸೋದು ನಿಲ್ಲಿಸಿದ್ರು. "ಮತ್ತೆ, ನಾನೂ ಅವತ್ತು ಬೇಡ ಅನ್ನಬಹುದಿತ್ತು. ಗೊತ್ತಿತ್ತು ನನಗೆ. ಓದಿದೋನು, ಅವನಿಗೇ ಜಾಸ್ತಿ ಗೊತ್ತಿರುತ್ತೆ ಅಂತ ಸುಮ್ಮನಾದೆ."

"ದೊಡ್ಡ ಮನಸ್ಸು ಮಾವ ನಿಮ್ದು," ಅಂದೆ. "ನನ್ನದು ಅಷ್ಟು ದೊಡ್ಡದಿಲ್ಲ." ಶಟರ್ ಪ್ಲಾನ್ ಇನ್ನು ಬೇಡ, ಇದೇ ಸಾಕು ಅಂತ ಚೀಟೀನ ಮಡಿಚಿ ಜೇಬಿಗಿಟ್ಟೆ.

ಕಮಿಟಿ ದಿನ. ಐದು ಜನ ದೊಡ್ಡವರು ಪಕ್ಕದ ಹಾಲ್‌ನಲ್ಲಿ ಕಾಫಿ ಕುಡೀತಿದ್ರು. ಒಳಗೆ ಅವನು ಇಪ್ಪತ್ತು ಎಲೆಗೆ ಕ್ಲಿಪ್ ಹಾಕಿ, ಒಂದೊಂದೇ ಶಟರ್ ಮುಚ್ಚಿದ. ಹೊಸ ಶರ್ಟ್ ಹಾಕಿದ್ದ. ಕಾಲರ್‌ನಲ್ಲಿ ಅಂಗಡಿಯ ಪಿನ್ ಹಾಗೇ ಉಳಿದಿತ್ತು. ಬೇರೆ ದಿನ ಆಗಿದ್ರೆ ನಾನೇ ತೆಗೀತಿದ್ದೆ, ಸ್ವಲ್ಪ ಚುಚ್ಚಿ.

"ಅರ್ಧ ಗಂಟೆ," ಅಂದ ನಗ್ತಾ.

"ಸಾಕು," ಅಂದು ಚೀಟೀನ ಪೆಟ್ಟಿಗೆ ಮೇಲೆ ಬಿಡಿಸಿಟ್ಟೆ.

ಅವನ ಮುಖದ ಬಣ್ಣ ಇಳಿದದ್ದನ್ನ ನಾನು ಕಣ್ಣು ಮಿಟುಕಿಸದೆ ನೋಡಿದೆ. ಇದಕ್ಕೇ ತಾನೇ ಕಾದಿದ್ದು? ಅದೂ ಫ್ರಂಟ್ ರೋ ಸೀಟಲ್ಲಿ.

"ನಾನು ಯಾರು ಗೊತ್ತಾ?"

"ಮೊದಲ ದಿನವೇ ಗೊತ್ತಾಯ್ತು. ಅದೇ ಮೂಗು, ಅದೇ ಹುಬ್ಬು. ಅವರ ಅಕ್ಕನ ಮಗಳು ಇಲ್ಲೇ ಕೆಲಸ ಮಾಡ್ತಾಳೆ ಅಂತ ಕೇಳಿದ್ದೆ."

"ಅದಕ್ಕೇ ಉಪ್ಪಿನ ಕಾಫಿ ಕುಡಿದ್ರಾ?"

"ಇನ್ನೂ ಜಾಸ್ತಿ ಹಾಕಿದ್ರೂ ಕುಡೀತಿದ್ದೆ."

"ಡೈಲಾಗ್ ಬೇಡ!" ಪೆಟ್ಟಿಗೆ ಮೇಲೆ ಕೈ ಬಡಿದೆ. "ಡೈಲಾಗ್ ಹೇಳೋದು ನನ್ನ ಕೆಲಸ. ಕೋಟಿನ ಗಂಟು, ಮುರಿದ ಕುರ್ಚಿ, ಉಪ್ಪು... ಇಷ್ಟರಲ್ಲೇ ಪಾಪ ತೊಳೆದುಹೋಗುತ್ತೆ ಅಂದ್ಕೊಂಡ್ರಾ? ಅಲ್ಲಿ ನಮ್ಮ ಮಾವ ತಣ್ಣೀರಲ್ಲಿ ಕೈ ಬಿರುಕು ಬಿಟ್ಕೊಂಡು ಕುಂಡ ತೊಳೀತಿದಾರೆ. ಅವರೇ ಸುಮ್ನಿರು ಅಂದ್ರು, ನೀವು ಸುಮ್ಮನಾದ್ರಿ. ಸುಲಭ ಆಯ್ತಲ್ವಾ?"

ಅವನು ಕನ್ನಡಕ ತೆಗೆದ. ಕ್ಷಮೆ ಕೇಳ್ತಾನೆ, ಕಾರಣ ಹೇಳ್ತಾನೆ, ಆಗ ಹರಿದು ಹಾಕೋಣ ಅಂತ ಕಾದೆ.

"ಹೌದು," ಅಂದ. "ಸುಲಭ ಆಯ್ತು. ದಿನಾ ಬೆಳಗ್ಗೆ ಇವತ್ತು ಹೇಳ್ತೀನಿ ಅಂತ ಬರ್ತಿದ್ದೆ. ಆಮೇಲೆ ನೀವು ಬಂದ್ರಿ. ಹೇಳಿದ್ರೆ ನೀವು ಇಲ್ಲಿ ಕೂರಲ್ಲ ಅಂತ ಇನ್ನೂ ಭಯ ಆಯ್ತು."

ನಾನು ಬಗ್ಗಿ ಅವನ ಕೈಗಡಿಯಾರ ನೋಡಿದೆ.

"ಇನ್ನು ಹದಿನೆಂಟು ನಿಮಿಷ ಇದೆ," ಅಂತ ಚೀಟೀನ ಮತ್ತೆ ಜೇಬಿಗಿಟ್ಟೆ. "ಅವರು ಬಂದಾಗ ನೀವು ಹೇಳ್ತೀರಾ, ನಾನು ಓದ್ಲಾ?"

ಉಳಿದ ಹದಿನೆಂಟು ನಿಮಿಷ ಅವನು ಕ್ಲಿಪ್ ಎಣಿಸಿದ, ನಾನು ದೀಪ ಎಣಿಸಿದೆ. ಅಷ್ಟು ಉದ್ದದ ಸೀನ್ ನನ್ನ ಜೀವನದಲ್ಲೇ ನೋಡಿಲ್ಲ.

ಕಮಿಟಿ ಒಳಗೆ ಬಂತು. ಅವನು ಅಳೆದ. ಪಾಯಿಂಟ್ ಎಂಟು ಎರಡು. ಎಂಟು ಮೂರು. ಎಂಟು ಮೂರು. ಇಪ್ಪತ್ತು ಎಲೆಯಲ್ಲಿ ಒಂದೂ ಕೈ ಕೊಡಲಿಲ್ಲ. ದೊಡ್ಡ ಸಾಹೇಬ್ರು ಅವನ ಬೆನ್ನು ತಟ್ಟಿ, "ನಮ್ಮ ಕೇಂದ್ರದ ಹೆಮ್ಮೆ ಸಾರ್ ಇವರು," ಅಂದ್ರು. ಐದೂ ಜನ ಚಪ್ಪಾಳೆ ತಟ್ಟಿದ್ರು. ಜೇಬಲ್ಲಿ ಚೀಟಿ ಮೇಲೆ ನನ್ನ ಬೆರಳು ಬಿಗಿಯಾಯ್ತು. ಈಗ ಸುಮ್ಮನಿದ್ದುಬಿಟ್ರೆ ಇವನು ಎಷ್ಟು ಎತ್ತರಕ್ಕೆ ಹೋಗ್ತಾನೋ! ಹೇಳು, ಹೇಳು ಮಹಾರಾಯ, ನನ್ನ ಕೈಯಲ್ಲಿ ಮಾಡಿಸ್ಬೇಡ.

"ಒಂದು ಮಾತಿದೆ," ಅಂದ ಅವನು. "ಆರು ತಿಂಗಳ ಹಿಂದೆ ಸುಟ್ಟುಹೋದ ಎಂಟುನೂರು ಸಸಿಗಳಿಗೆ ಫುಲ್ ಲೈಟ್ ಕೊಡಿ ಅಂತ ಬರೆದುಕೊಟ್ಟೋನು ನಾನು. ಹೆಡ್ ಮಾಲಿ ಅಲ್ಲ. ರಿಪೋರ್ಟ್ ಸುಳ್ಳು ಅಂತ ಗೊತ್ತಿದ್ದೇ ಸಹಿ ಹಾಕಿದೆ."

ಚಪ್ಪಾಳೆ ತಟ್ಟಿದ ಕೈಗಳು ಎಲ್ಲಿಗೆ ಹೋಗೋದು ಅಂತ ಗೊತ್ತಾಗದೆ ಗಾಳೀಲೇ ನಿಂತ್ವು. ಸಾಹೇಬ್ರು ಹಲ್ಲು ಕಚ್ಚಿ, "ಇದನ್ನ ಈಗ ಹೇಳ್ಬೇಕಿತ್ತಾ?" ಅಂದ್ರು.

"ಆರು ತಿಂಗಳ ಹಿಂದೆ ಹೇಳ್ಬೇಕಿತ್ತು ಸಾರ್."

ನಾನು ಮುಂದೆ ಹೋಗಿ ಚೀಟೀನ ಕಮಿಟಿಯ ಕೈಗೆ ಕೊಟ್ಟೆ. ಓದೋ ಕೆಲಸ ಅವರಿಗೇ ಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಬೀಗದ ಕೈ ಗೊಂಚಲು ಮಾವನ ಸೊಂಟಕ್ಕೆ ವಾಪಸ್ ಬಂತು. ಮಾವ ಒದ್ದೆ ಕೈಯಲ್ಲೇ ನನ್ನ ಹತ್ರ ಬಂದು, "ಯಾರೇ ನಿನಗೆ ಅಧಿಕಪ್ರಸಂಗ ಮಾಡು ಅಂದಿದ್ದು? ಮನೆಗೆ ಬಾ, ಮಾಡ್ತೀನಿ ನಿನಗೆ," ಅಂತ ಗದರಿದ್ರು. ತಲೆ ಎತ್ತಿಕೊಂಡೇ ಗದರಿದ್ರು.

ಅವನಿಗೂ ಶಿಕ್ಷೆ ಆಯ್ತು. ಕೆಲಸ ಹೋಗಲಿಲ್ಲ. ಆದ್ರೆ ಪ್ರಾಜೆಕ್ಟ್ ಬೇರೆಯವರ ಪಾಲಾಯ್ತು. ಅವನನ್ನ ಒಂದು ವರ್ಷ ಗುಡ್ಡದ ಮೇಲಿನ ಫೀಲ್ಡ್ ಸ್ಟೇಷನ್‌ಗೆ ಎತ್ತಿಹಾಕಿದ್ರು. ಬಸ್ಸಲ್ಲಿ ಆರು ಗಂಟೆ ದಾರಿ. ಒಂದು ಶೆಡ್ಡು, ನಾಲ್ಕು ಸಾವಿರ ಸಸಿ, ಇವನು.

ಹೊರಡೋ ದಿನ ಗೇಟ್ ಹತ್ರ ಪೆಟ್ಟಿಗೆ ಹಿಡ್ಕೊಂಡು ನಿಂತಿದ್ದ.

"ಸೇಡು ತೀರಿತಾ?"

"ಮಾವನ ಲೆಕ್ಕದ್ದು ತೀರಿತು. ನನ್ನದು ಹಾಗೇ ಇದೆ."

"ನಿಮ್ಮದು ಯಾವುದು?"

"ನನ್ನನ್ನ ಅಷ್ಟೊಂದು ಅರ್ಧ ಗಂಟೆ ನಗಿಸಿದ್ರಲ್ಲ, ಒಳಗೆ ಅದನ್ನ ಇಟ್ಕೊಂಡು. ಅದು." ಕಣ್ಣು ಉರೀತು, ಬೇರೆ ಕಡೆ ನೋಡಿದೆ. "ಅಲ್ಲಿ ಫೋನ್ ಸಿಗ್ನಲ್ ಇದ್ಯಾ?"

"ಶೆಡ್‌ನಲ್ಲಿ ಇಲ್ಲ. ಗುಡ್ಡದ ನೆತ್ತಿಗೆ ಹತ್ತಿದ್ರೆ ಸಿಗುತ್ತಂತೆ."

"ಹತ್ತಿ. ದಿನಾ ಸಾಯಂಕಾಲ ಆರಕ್ಕೆ ಫೋನ್ ಮಾಡ್ಬೇಕು. ಇದೇ ನಿಮಗೆ ಶಿಕ್ಷೆ. ಒಂದು ದಿನ ತಪ್ಪಿದ್ರೂ ಅಲ್ಲಿಗೇ ಬಂದು ಹೊಡೀತೀನಿ."

ಬಸ್ ಬಂತು. ಅವನು ಕಿಟಕಿಯಿಂದ ತಲೆ ಹಾಕಿ ಏನೋ ಹೇಳಿದ, ಹಾರ್ನ್ ಶಬ್ದದಲ್ಲಿ ಕೇಳಲಿಲ್ಲ.

ಫೋನ್ ಬರ್ತಿತ್ತು. ಆರಕ್ಕೆ ಸರಿಯಾಗಿ, ಏದುಸಿರಲ್ಲಿ. ನಾನು ಬೈತಿದ್ದೆ, ಅವನು ಹೂಂಗುಡ್ತಿದ್ದ. ಮೊದಲ ವಾರ ಬರೀ ಬೈಗುಳ. ಎರಡನೇ ವಾರ ಬೈಗುಳದ ಮಧ್ಯೆ ಊಟ ಆಯ್ತಾ ಅಂತ ಕೇಳಿದೆ. ಮೂರನೇ ವಾರ, ಅವನು ಗಾಳಿ ಶಬ್ದದ ನಡುವೆ, "ಇವತ್ತು ನೀವು ಒಂದೂ ಬೈದಿಲ್ಲ, ಹುಷಾರಿದ್ದೀರಾ?" ಅಂದ. ತಕ್ಷಣ ನಾಲ್ಕು ಬೈದೆ.

ಇಪ್ಪತ್ತಮೂರನೇ ದಿನ ಆರು ಗಂಟೆ ಆಯ್ತು. ಆರೂಕಾಲು. ಆರೂವರೆ. ಫೋನ್ ಸುಮ್ಮನೆ ಬಿದ್ದಿತ್ತು. ನಾನೇ ಮಾಡಿದೆ. ಸಿಗ್ನಲ್ ಇಲ್ಲ. ಜಾರಿ ಬಿದ್ನಾ? ಜ್ವರವಾ? ಅಥವಾ ಸಾಕಾಗಿಹೋಯ್ತಾ ಇವನಿಗೆ? ಅಮ್ಮ ನನ್ನ ಓಡಾಟ ನೋಡಿ, "ಶಾಪ ನಾನು ಯಾವತ್ತೋ ವಾಪಸ್ ತಗೊಂಡಾಯ್ತು. ಸುಮ್ನೆ ಹೋಗಿ ನೋಡ್ಕೊಂಡು ಬಾ," ಅಂದ್ರು. ಮಾವ ಟಿವಿ ಸೌಂಡ್ ಜಾಸ್ತಿ ಮಾಡಿದ್ರು.

ಬೆಳಗಿನ ಮೊದಲ ಬಸ್ ಹತ್ತಿದೆ. ಆರು ಗಂಟೆ ದಾರಿ ಪೂರ್ತಿ ಹಲ್ಲು ಕಡೀತಾ, ಬೈಗುಳ ಜೋಡಿಸ್ತಾ ಹೋದೆ. ಗುಡ್ಡದ ಬುಡದಲ್ಲಿ ಬಸ್ ನಿಂತ್ರೆ, ಸ್ಟಾಪ್‌ನ ಕಲ್ಲಿನ ಮೇಲೆ ಅವನು ಕೂತಿದ್ದ. ಬಿಸಿಲಿಗೆ ಕಪ್ಪಾಗಿದ್ದ. ಕೈ ಕಾಲು ಎಲ್ಲ ಸರಿಯಾಗೇ ಇತ್ತು. ನನ್ನನ್ನ ನೋಡಿ ಎದ್ದು ನಿಂತ.

"ಎಷ್ಟು ಹೊತ್ತಿಂದ ಇಲ್ಲಿದ್ದೀರಿ?"

"ಬೆಳಗ್ಗೆಯಿಂದ. ಯಾವ ಬಸ್ಸಿಗೆ ಬರ್ತೀರಿ ಅಂತ ಗೊತ್ತಿರಲಿಲ್ಲ."

"ನಿನ್ನೆ ಯಾಕೆ ಫೋನ್ ಮಾಡ್ಲಿಲ್ಲ?"

"ಮಾಡಿದ್ರೆ ನೀವು ಬರ್ತಿರಲಿಲ್ಲ."

ಚೇಷ್ಟೆ! ನನ್ನ ಹತ್ರಾನೇ! ಇಷ್ಟು ವರ್ಷದ ಸರ್ವಿಸ್‌ನಲ್ಲಿ ನನಗೆ ಯಾರೂ ಟೋಪಿ ಹಾಕಿರಲಿಲ್ಲ.

"ಬಂದಿದ್ದು ಹೊಡೆಯೋಕೆ," ಅಂದೆ.

"ಗೊತ್ತು," ಅಂತ ಕನ್ನಡಕ ತೆಗೆದು ಜೇಬಿಗಿಟ್ಕೊಂಡ.

ಹೊಡೆದೆ. ಭುಜಕ್ಕೆ, ಬಲವಾಗಿಯೇ. ಆಮೇಲೆ ಕೈ ವಾಪಸ್ ತಗೊಳ್ಳಲಿಲ್ಲ.